‘ಯಾರಾದರೂ ಮಾಡುತ್ತಾರೆ ಬಿಡಿ’
(ಸದಸ್ಯರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಊರವರೆಲ್ಲ ರಾತ್ರಿ ಒಂದೊಂದು ಚೊಂಬು ಹಾಲು ತಂದು ಕೊಳಕ್ಕೆ ಸುರಿಯಬೇಕೆಂದು ರಾಜ ಡಂಗುರ ಹೊಡೆಸಿದ ಕಥೆ ನಿಮಗೆ ಗೊತ್ತೇ ಇದೆ. ಬೆಳಗಾದಾಗ ಕೊಳದ ತುಂಬ ಬರೀ ನೀರು! ‘ಇಷ್ಟು ಹಾಲಿನಲ್ಲಿ ನನ್ನ ಒಂದು ಚೊಂಬು ನೀರು ಯಾರಿಗೆ ತಿಳಿದೀತು’ ಎಂದು ಪ್ರತಿಯೊಬ್ಬರೂ ಯೋಚಿಸಿದ್ದರು. ನಾವು ಊರವರನ್ನು ನೋಡಿ ನಗುತ್ತೇವೆ. ಆದರೆ ತಪ್ಪು ರಾಜನ ಏರ್ಪಾಡಿನಲ್ಲೂ ಇತ್ತು. ಕತ್ತಲಲ್ಲಿ ಸುರಿಯಲು ಹೇಳಿದ. ಚೊಂಬಿನಲ್ಲಿ ಏನಿದೆಯೆಂದು ನೋಡುವವರೇ ಇರಲಿಲ್ಲ.

ಇದನ್ನು ಮನಃಶಾಸ್ತ್ರಜ್ಞರು ಪರೀಕ್ಷಿಸಿ ನೋಡಿದ್ದಾರೆ. 1979ರಲ್ಲಿ ಅಮೆರಿಕದ ಬಿಬ್ ಲಟಾನೆ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಜೋರಾಗಿ ಕೂಗಲು, ಚಪ್ಪಾಳೆ ತಟ್ಟಲು ಹೇಳಿದರು. ಗುಂಪು ದೊಡ್ಡದಾದಂತೆ ಒಬ್ಬೊಬ್ಬರು ಹಾಕುವ ಶಕ್ತಿ ಕಡಿಮೆಯಾಯಿತು. 1981ರಲ್ಲಿ ಅದೇ ತಂಡದವರು, ಗುಂಪಿನಲ್ಲಿದ್ದರೂ ಪ್ರತಿಯೊಬ್ಬರ ಧ್ವನಿಯನ್ನು ಬೇರೆಯಾಗಿ ಅಳೆಯುತ್ತೇವೆ ಎಂದು ತಿಳಿಸಿದಾಗ ಆ ಸಡಿಲಿಕೆ ಹೋಯಿತು.

ಸಂಘದಲ್ಲಿ ಪ್ರತಿಯೊಬ್ಬರ ಹಾಲನ್ನು ಬೇರೆಯಾಗಿ ಅಳೆದು, ಜಿಡ್ಡಿನಂಶ ನೋಡಿ ಬರೆದುಕೊಳ್ಳುವುದನ್ನು ಕೆಲವರು ಅಪನಂಬಿಕೆ ಎನ್ನುತ್ತಾರೆ. ಅಲ್ಲ. ಒಳ್ಳೆಯ ಹಾಲು ತರುವ ತಾಯಿಯ ಶ್ರಮ ಬೇರೊಬ್ಬರ ನೀರಿನಲ್ಲಿ ಕರಗಬಾರದೆಂಬ ರಕ್ಷಣೆ ಅದು. ಪರೀಕ್ಷೆ ಸರಿಯಾಗಿ ನಡೆಯದಿದ್ದರೆ ಕೇಳುವ ಹಕ್ಕೂ ನಿಮ್ಮದೇ.

ಆದರೆ ಕಷ್ಟಕಾಲದ ನೆರವನ್ನು ಯಾವ ಮಾಪಕವೂ ಅಳೆಯದು. 1968ರಲ್ಲಿ ಜಾನ್ ಡಾರ್ಲಿ ಮತ್ತು ಲಟಾನೆ ಒಂದು ಪ್ರಯೋಗ ಪ್ರಕಟಿಸಿದರು. ನ್ಯೂಯಾರ್ಕಿನ ವಿದ್ಯಾರ್ಥಿಗಳು ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ಯಂತ್ರದ ಮೂಲಕ ಮಾತನಾಡುವಾಗ ಒಬ್ಬನಿಗೆ ಮೂರ್ಛೆ ಬಂದಂತೆ ಕೇಳಿಸಲಾಯಿತು. ಕೇಳುತ್ತಿರುವವನು ತಾನೊಬ್ಬನೇ ಎಂದುಕೊಂಡವರಲ್ಲಿ ಶೇ. 85 ಮಂದಿ ಆ ಕೂಗು ನಿಲ್ಲುವ ಮೊದಲೇ ಸುದ್ದಿ ಮುಟ್ಟಿಸಿದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಹಾಗೆ ಮಾಡಿದವರು ಶೇ. 31 ಮಾತ್ರ. ಏಳದವರು ಕಲ್ಲುಹೃದಯದವರಲ್ಲ, ಹಲವರ ಕೈ ನಡುಗುತ್ತಿತ್ತು, ಅಂಗೈ ಬೆವರಿತ್ತು. ಕನಿಕರ ಇತ್ತು, ಹೊಣೆ ಮಾತ್ರ ಐದು ಪಾಲಾಗಿತ್ತು.

ನಮ್ಮಲ್ಲೂ ಹಾಗೆಯೇ. ಹಸು ಕರು ಹಾಕಲಾರದೆ ಒದ್ದಾಡುವಾಗ ಹತ್ತು ಜನ ಸುತ್ತ ನಿಂತಿರುತ್ತಾರೆ. ಡಾಕ್ಟರಿಗೆ ಯಾರೋ ಹೇಳಿಕಳಿಸಿರಬಹುದೆಂದು ಎಲ್ಲರೂ ತಿಳಿದಿರುತ್ತಾರೆ. ಆಗ ‘ಯಾರಾದರೂ ಹೋಗಿ’ ಎನ್ನಬೇಡಿ. ಒಬ್ಬನ ಹೆಸರು ಹಿಡಿದು ‘ನೀನು ಫೋನ್ ಮಾಡು’ ಎನ್ನಿ. ಇನ್ನೊಬ್ಬನಿಗೆ ‘ನೀನು ದೀಪ ಹಿಡಿ’ ಎನ್ನಿ. ಸರ್ವ ಸದಸ್ಯರ ಸಭೆಯಲ್ಲಿ ಲೆಕ್ಕದ ಬಗ್ಗೆ ಸಂಶಯವಿದ್ದರೆ ಪಕ್ಕದವರ ಮುಖ ನೋಡದೆ ಎದ್ದು ಕೇಳಿ. ಎಲ್ಲರೂ ಸುಮ್ಮನಿದ್ದರೆ ಎಲ್ಲರೂ ಒಪ್ಪಿದ್ದಾರೆಂದು ಪ್ರತಿಯೊಬ್ಬರೂ ತಪ್ಪು ತಿಳಿಯುತ್ತಾರೆ.

ಷೇರು ನಿಮ್ಮ ಹೆಸರಿನಲ್ಲಿದೆ, ಪಾಸ್‌ಬುಕ್ಕೂ ನಿಮ್ಮ ಹೆಸರಿನಲ್ಲಿದೆ. ಸಂಘದ ಹೊಣೆಯಲ್ಲೂ ನಿಮ್ಮ ಹೆಸರಿನ ಪಾಲಿದೆ ಎಂಬುದನ್ನು ಮರೆಯಬೇಡಿ ಎಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.