ಠೇವಣಿ ಕಳೆದವರ ಲೆಕ್ಕ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳು)



2023ರ ವಿಧಾನಸಭಾ ಚುನಾವಣೆಯಲ್ಲಿ ನಮ್ಮ ತಾಲ್ಲೂಕಿನ ಮೀಸಲು ಕ್ಷೇತ್ರಕ್ಕೆ ನಮ್ಮ ಅಕ್ಕನೊಬ್ಬಳು ಪಕ್ಷೇತರಳಾಗಿ ನಿಂತಿದ್ದಳು. ಕೂಲಿಕಾರರ ನಡುವೆ ಓಡಾಡಿ ಬೆಳೆದವಳು. ಅವಳಿಗಾಗಿ ನಾವು ಕರಪತ್ರ ಬರೆದೆವು, ತಮಟೆ ಹೊಡೆದೆವು, ಕೇರಿ ಕೇರಿ ತಿರುಗಿ ಹಾಡಿದೆವು. ಸೋತೆವು. ಠೇವಣಿಯೂ ಹೋಯಿತು. ಊರಲ್ಲಿ ಕೆಲವರು ನಕ್ಕರು. ನಕ್ಕವರಿಗೆ ಉತ್ತರ ಕೊಡೋಕೆ ನಾನು ಇಲ್ಲಿ ನಿಂತಿಲ್ಲ. ಆದರೆ ಹಾಸ್ಟೆಲಿನ ಒಬ್ಬ ತಮ್ಮ ಕೇಳಿದ: "ಅಣ್ಣಾ, ಕ್ಷೇತ್ರ ನಮಗೇ ಮೀಸಲು. ನಿಂತವರೆಲ್ಲ ನಮ್ಮವರೇ, ಗೆದ್ದವರೂ ನಮ್ಮವರೇ. ಹಂಗಾದ್ರೆ ಸೋತಿದ್ದು ಯಾರು?"

ಈ ಪ್ರಶ್ನೆ ಇವತ್ತಿನದಲ್ಲ. 1932ರಲ್ಲಿ ಹುಟ್ಟಿದ್ದು. ಆ ವರ್ಷ ಆಗಸ್ಟಿನಲ್ಲಿ ನಮ್ಮ ಪ್ರತಿನಿಧಿಯನ್ನು ನಾವೇ ಆರಿಸುವ ಪ್ರತ್ಯೇಕ ಮತಕ್ಷೇತ್ರ ಸಿಕ್ಕಿತು. ಗಾಂಧಿ ಉಪವಾಸ ಕೂತರು. ಸೆಪ್ಟೆಂಬರ್ 24ಕ್ಕೆ ಪೂನಾ ಒಪ್ಪಂದವಾಯಿತು. ಪ್ರಾಂತೀಯ ಶಾಸನಸಭೆಗಳಲ್ಲಿ ನಮಗಿದ್ದ 71 ಸೀಟು 148 ಆಯಿತು. ಸೀಟು ಹೆಚ್ಚಿತು, ಆದರೆ ಕೊನೆಗೆ ಯಾರು ಗೆಲ್ಲಬೇಕು ಅನ್ನೋದು ಇಡೀ ಊರಿನ ಕೈಗೆ ಹೋಯಿತು. ನಿಲ್ಲುವವನು ಕೇರಿಯವನು, ಗೆಲ್ಲಿಸುವವನು ಊರಿನವನು. ಈ ಸೂತ್ರವನ್ನು ಬಿಡಿಸದೆ ನಮ್ಮ ಸೋಲು ನಮಗೆ ಅರ್ಥವಾಗೋದಿಲ್ಲ.

ಬಾಬಾಸಾಹೇಬರಿಗೇ ಏನಾಯಿತು ನೋಡಿ. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರು, ದೇಶದ ಮೊದಲ ಕಾನೂನು ಮಂತ್ರಿ. 1952ರಲ್ಲಿ ಮೊದಲ ಲೋಕಸಭಾ ಚುನಾವಣೆಗೆ ಮುಂಬಯಿ ಉತ್ತರದಿಂದ ಪರಿಶಿಷ್ಟ ಜಾತಿಗಳ ಫೆಡರೇಷನ್ನಿನ ಪರವಾಗಿ ನಿಂತರು. ಸುಮಾರು 14 ಸಾವಿರ ಮತಗಳಿಂದ ಸೋತರು. ಗೆದ್ದವರು ಕಾಂಗ್ರೆಸ್ಸಿನ ನಾರಾಯಣ ಕಾಜ್ರೋಳ್ಕರ್. ಅವರೂ ದಲಿತರೇ. 1954ರಲ್ಲಿ ಭಂಡಾರಾದ ಉಪಚುನಾವಣೆಗೆ ಮತ್ತೆ ನಿಂತರು. ಅದು ಇಬ್ಬರನ್ನು ಆರಿಸುವ ಕ್ಷೇತ್ರ. ಸಾಮಾನ್ಯ ಸೀಟಿನಲ್ಲಿ ಸಮಾಜವಾದಿ ಅಶೋಕ ಮೆಹ್ತಾ ಗೆದ್ದರು. ಮೀಸಲು ಸೀಟಿನಲ್ಲಿ ಬಾಬಾಸಾಹೇಬರು ಸೋತರು.

ಸಂವಿಧಾನ ಬರೆದ ಕೈಗೆ ಒಂದು ಲೋಕಸಭಾ ಸೀಟು ಕೊಡದ ದೇಶ ಇದು. ನಮ್ಮ ಅಕ್ಕನ ಠೇವಣಿಯನ್ನು ಉಳಿಸುತ್ತಿತ್ತೇ?

ಈಗ ನಾವು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ನೀವೂ ನಾಳೆ ಇದೇ ದಾರಿ ತುಳಿಯುವವರು, ತಿಳಿದಿರಲಿ.

ಮಾನ್ಯತೆ ಪಡೆದ ಪಕ್ಷದವನಿಗೆ ನಾಮಪತ್ರಕ್ಕೆ ಒಬ್ಬ ಸೂಚಕ ಸಾಕು. ಪಕ್ಷೇತರರಿಗೆ ಹತ್ತು ಜನ ಬೇಕು. ಊರಿನವರ ಕಣ್ಣೆದುರು ಹೆಸರು ಕೊಟ್ಟು ರುಜು ಹಾಕೋಕೆ ಕೇರಿಯಲ್ಲಿ ಹತ್ತು ಜನ ಹೊರಡೋದು ಅಂದರೆ ಅದೇ ಒಂದು ಹೋರಾಟ. ಪಕ್ಷದವರ ಗುರುತು ಮಕ್ಕಳಿಗೂ ಗೊತ್ತು. ನಮ್ಮ ಗುರುತು ಗೊತ್ತಾಗಿದ್ದು ನಾಮಪತ್ರ ವಾಪಸ್ ತಗೊಳ್ಳೋ ಕೊನೆಯ ದಿನ ಏಪ್ರಿಲ್ 24 ಮುಗಿದ ಮೇಲೆ. ಮೇ 8ರ ಸಂಜೆಗೆ ಬಹಿರಂಗ ಪ್ರಚಾರ ಬಂದ್. ಎರಡು ವಾರದಲ್ಲಿ ಒಂದು ಚಿತ್ರವನ್ನು ಇಡೀ ಕ್ಷೇತ್ರದ ಕಣ್ಣಿಗೆ ಹಚ್ಚಬೇಕು. ವಿಧಾನಸಭೆಗೆ ಒಬ್ಬ ಅಭ್ಯರ್ಥಿ 40 ಲಕ್ಷ ರೂಪಾಯಿ ತನಕ ಖರ್ಚು ಮಾಡಬಹುದು ಅಂತ ಕಾನೂನು. ನಮ್ಮ ಹತ್ತಿರ ಇದ್ದದ್ದು ಕೇರಿಯವರು ಸೆರಗಿನಿಂದ ಬಿಚ್ಚಿ ಕೊಟ್ಟ ಹತ್ತು ಇಪ್ಪತ್ತರ ನೋಟುಗಳು. ನಮಗೆ 5 ಸಾವಿರ ಠೇವಣಿ. ಅದು ಉಳಿಯಬೇಕಾದರೆ ಸಿಂಧುವಾದ ಮತಗಳಲ್ಲಿ ಆರನೇ ಒಂದು ಪಾಲಿಗಿಂತ ಹೆಚ್ಚು ಬರಬೇಕು.

ಹಣಕ್ಕಿಂತ ದೊಡ್ಡದು ಭಯ. ಒಬ್ಬ ಅಜ್ಜಿ ನನ್ನ ಕೈ ಹಿಡಿದು ಹೇಳಿದಳು: "ಮಗಾ, ಹಾಡು ಚೆನ್ನಾಗೈತೆ. ಓಟು ಹಾಕಿದ ಮಾರನೇ ದಿನ ಅವರ ತೋಟಕ್ಕೇ ಕೂಲಿಗೆ ಹೋಗಬೇಕಲ್ಲ?" ಮತ ಗುಟ್ಟಿನದು ಅಂತ ನಾವು ಪುಸ್ತಕದಲ್ಲಿ ಓದಿದ್ದೇವೆ. ಒಬ್ಬೊಬ್ಬರ ಮತ ಗುಟ್ಟು ಹೌದು, ಕೇರಿಯ ಮತ ಗುಟ್ಟಲ್ಲ. ಮತಯಂತ್ರದ ಎಣಿಕೆ ಬೂತು ಬೂತಿಗೆ ನಡೆಯುತ್ತದೆ. ಯಾವ ಬೂತಿನಲ್ಲಿ ಯಾರಿಗೆ ಎಷ್ಟು ಅಂತ 20ನೇ ನಮೂನೆಯಲ್ಲಿ ಬರೆದಿಡುತ್ತಾರೆ. ಬೂತು ಕೇರಿಯ ಪಕ್ಕದಲ್ಲಿದ್ದರೆ ಧಣಿಗೆ ಲೆಕ್ಕ ಹಾಕೋಕೆ ಎಷ್ಟು ಹೊತ್ತು? ಅಜ್ಜಿ ಶಾಲೆಗೆ ಹೋದವಳಲ್ಲ. ಈ ರಾಜಕೀಯಶಾಸ್ತ್ರ ಮಾತ್ರ ನಮಗಿಂತ ಚೆನ್ನಾಗಿ ಅವಳಿಗೆ ಗೊತ್ತು. ಅವಳನ್ನು "ಓಟು ಮಾರಿಕೊಂಡವಳು" ಅಂತ ಬಯ್ಯುವ ಓದಿದ ಹುಡುಗರು ಮೊದಲು ಅವಳ ಜೊತೆ ಒಂದು ದಿನ ಕಳೆ ಕೀಳಲಿ.

ಆಮೇಲೆ ಕೆಲವರು ಹೇಳ್ತಾರೆ: "ಒಂದು ಓಟಿನಿಂದ ಏನಾಗತ್ತೆ?" 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಮೀಸಲು ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಓಟು! ಆ ಕ್ಷೇತ್ರವೇ ಈಗ ಇಲ್ಲ, ಆದರೆ ಆ ಒಂದು ಓಟು ಇತಿಹಾಸದಲ್ಲಿ ಉಳಿದಿದೆ. ಸೋತ ಕೃಷ್ಣಮೂರ್ತಿಯವರು 2023ರಲ್ಲಿ ಕೊಳ್ಳೇಗಾಲದಿಂದ ಗೆದ್ದು ಬಂದರು. ಹತ್ತೊಂಬತ್ತು ವರ್ಷ ಹಿಡಿಯಿತು.

ಇನ್ನೊಂದು ನೆನಪು. ಬಾಬಾಸಾಹೇಬರು ತೀರಿಕೊಂಡದ್ದು 1956ರ ಡಿಸೆಂಬರ್ 6. ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ ಅವರ ಅದೇ ಫೆಡರೇಷನ್ನಿನಿಂದ ನಿಂತು ನಮ್ಮ ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯಲ್ಲಿ ದತ್ತಾ ಕಟ್ಟಿ ಗೆದ್ದರು. 1952ರಲ್ಲಿ ಸೋತವರ ಸಂಘಟನೆ ಸತ್ತಿರಲಿಲ್ಲ. ನಾಯಕ ಸೋತರೂ ಕೇರಿಗಳಲ್ಲಿ ಕೆಲಸ ನಡೆದಿತ್ತು.

ಆದ್ದರಿಂದ ಗೆಳೆಯರೇ, ಆ ತಮ್ಮನ ಪ್ರಶ್ನೆಗೆ ನನ್ನ ಉತ್ತರ ಇದು: ಸೋತದ್ದು ಕೂಲಿ ಕಳೆದುಕೊಳ್ಳುವ ಭಯದಲ್ಲಿರುವ ಕೇರಿ. ಆ ಭಯದ ಬೇರು ಭೂಮಿಯಲ್ಲಿದೆ. ತನ್ನ ಅರ್ಧ ಎಕರೆ ಇರುವವಳು ಧಣಿಯ ತೋಟ ನೋಡಿ ಓಟು ಹಾಕೋದಿಲ್ಲ. ಪ್ರಚಾರಕ್ಕೆ ತಿರುಗುವಾಗ ಮನೆ ಮನೆಯಲ್ಲೂ ಕೇಳಿದ್ದು ಒಂದೇ ಮಾತು: "ನಮ್ಮ ತಾತನಿಗೆ ಸರ್ಕಾರ ಜಮೀನು ಕೊಟ್ಟಿತ್ತಂತೆ, ಈಗ ಬೇರೆಯವರು ಉಳ್ತಾವ್ರೆ." ಇದಕ್ಕೆ 1978ರ ಕಾನೂನಿದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಪರಭಾರೆ ಮಾಡುವಂತಿಲ್ಲ ಅನ್ನುವ ಪಿ.ಟಿ.ಸಿ.ಎಲ್. ಕಾಯ್ದೆ. ತಡವಾಗಿ ಬಂದಿರಿ ಅಂತ ಅರ್ಜಿ ತಳ್ಳಬಾರದು ಎಂದು 2023ರಲ್ಲಿ ಅದಕ್ಕೆ ತಿದ್ದುಪಡಿಯೂ ಆಯಿತು. ಚುನಾವಣೆ ಮುಗಿದ ಮೇಲೆ ನಮ್ಮ ತಂಡ ಕರಪತ್ರದ ಚೀಲದಲ್ಲೇ ಜಮೀನಿನ ಹಳೇ ಕಾಗದ ತುಂಬಿಕೊಂಡು ತಿರುಗುತ್ತಿದೆ.

ನಿಮ್ಮಿಂದ ಮೂರು ಕೆಲಸ ಕೇಳುತ್ತೇನೆ. ರಜೆಗೆ ಊರಿಗೆ ಹೋದಾಗ ನಿಮ್ಮ ಬೂತಿನ 20ನೇ ನಮೂನೆ ತೆಗೆದು ಓದಿ. ಕೇರಿಯ ಮಂಜೂರಾತಿ ಕಾಗದಗಳನ್ನು ಓದಿ ಹಿರಿಯರಿಗೆ ವಿವರಿಸಿ. ಪಕ್ಷದ ಗುರುತಿಲ್ಲದೆ ನಡೆಯುವ ಗ್ರಾಮ ಪಂಚಾಯ್ತಿ ಚುನಾವಣೆಗೆ ಈಗಿಂದಲೇ ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡು ಕೂತು ಮಾತಾಡಿ.

ಕವಿತೆ ಬರೆಯುವವನು ನಾನು, ಲೆಕ್ಕ ನನ್ನ ವಿಷಯವಲ್ಲ. ಆದರೂ ಲೆಕ್ಕ ಕಲಿಯುತ್ತಿದ್ದೇನೆ. ನೀವೂ ಕಲಿಯಿರಿ. ನಮ್ಮನ್ನು ಸೋಲಿಸುವವರಿಗೆ ಅದು ಬಹಳ ದಿನದಿಂದ ಬರುತ್ತದೆ.

ಜೈ ಭೀಮ್.