ಕಣ್ಣಿಗೆ ಕಾಣದ ಒಕ್ಕಲು
(ಸುವರ್ಣ ಮಹೋತ್ಸವದ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಾನು ಇಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದಾಗ ಟೈಫಾಯಿಡ್ ಬಂತು. ಜ್ವರ ಇಳಿದ ಕೂಡಲೇ, ಮುಂದೆ ಯಾರಿಗಾದರೂ ಬೇಕಾದೀತು ಎಂದು ಅವ್ವ ಉಳಿದ ಮಾತ್ರೆಗಳನ್ನು ಗೂಡಿನಲ್ಲಿ ಎತ್ತಿಟ್ಟಳು. ಎರಡು ವಾರಕ್ಕೆ ಜ್ವರ ತಿರುಗಿ ಬಂತು. ಅರ್ಧವಾರ್ಷಿಕ ಪರೀಕ್ಷೆ ತಪ್ಪಿತು. ನೋಡಲು ಬಂದ ವಿಜ್ಞಾನದ ಮೇಷ್ಟ್ರು, "ನೀನು ಮಾತ್ರೆ ಬಿಟ್ಟೆ, ಅವು ಸಂಸಾರ ಬಿಡಲಿಲ್ಲ ಕಣಯ್ಯ" ಎಂದರು. ನಾನು ಸೂಕ್ಷ್ಮಜೀವಿಶಾಸ್ತ್ರ ಓದಲು ಆ ಮಾತೇ ಕಾರಣ.

‘ಅವು’ ಅಂದರೆ ಬ್ಯಾಕ್ಟೀರಿಯಾ. ಒಂದೇ ಕೋಶದ ಜೀವಿ. ನಮ್ಮ ಕೋಶದಲ್ಲಿರುವಂತೆ ಪೊರೆ ಸುತ್ತಿದ ಕೋಶಕೇಂದ್ರ ಅದಕ್ಕಿಲ್ಲ. ಸಾಮಾನ್ಯವಾಗಿ ಬಳೆಯಂತೆ ಕೂಡಿಕೊಂಡ ಒಂದು ಡಿ.ಎನ್.ಎ., ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗಳು, ಸುತ್ತ ಕೋಶಪೊರೆ, ಅದರ ಹೊರಗೆ ಕೋಶಭಿತ್ತಿ. ಭಿತ್ತಿಗೆ ಬಲ ಕೊಡುವುದು ಪೆಪ್ಟಿಡೋಗ್ಲೈಕಾನ್ ಎಂಬ ಬಲೆ. ಪೆನ್ಸಿಲಿನ್ ಈ ಬಲೆ ಹೆಣೆಯುವುದನ್ನೇ ತಡೆಯುತ್ತದೆ. ಬೆಳೆಯುತ್ತಿರುವ ಕೋಶ ಒಡೆದುಹೋಗುತ್ತದೆ. ನಮ್ಮ ಕೋಶಗಳಿಗೆ ಆ ಭಿತ್ತಿಯೇ ಇಲ್ಲದ್ದರಿಂದ ಆ ಪೆಟ್ಟು ಅವಕ್ಕೆ ತಾಗದು.

ಸಂತಾನಕ್ಕೆ ಗಂಡು ಹೆಣ್ಣು ಬೇಕಿಲ್ಲ. ಡಿ.ಎನ್.ಎ. ಪ್ರತಿಯಾಗುತ್ತದೆ, ಕೋಶ ಉದ್ದವಾಗುತ್ತದೆ, ನಡುವೆ ಅಡ್ಡಗೋಡೆ ಎದ್ದು ಒಂದು ಎರಡಾಗುತ್ತದೆ. ಇದೇ ದ್ವಿವಿದಳನ. ನಮ್ಮ ಕರುಳಿನಲ್ಲಿರುವ ಇ. ಕೊಲೈಗೆ ಒಳ್ಳೆಯ ಆಹಾರ, ಹದವಾದ ಶಾಖ ಸಿಕ್ಕರೆ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಅದೇ ವೇಗದಲ್ಲಿ ಸಾಗಿದರೆ ಒಂದು ಇದ್ದದ್ದು ಗಂಟೆಗೆ 8, ಹತ್ತು ಗಂಟೆಗೆ 107 ಕೋಟಿ! ರಾತ್ರಿ ಒಂದು ಚಮಚ ಹೆಪ್ಪು ಹಾಕಿದ ಹಾಲು ಬೆಳಗ್ಗೆ ಮೊಸರಾಗುವುದೂ ಬ್ಯಾಕ್ಟೀರಿಯಾ ಹೀಗೆ ಹೆಚ್ಚುವುದರಿಂದಲೇ.

ಇವಕ್ಕೊಂದು ದಾಯಾದಿ ಕುಲವಿದೆ. ನಮ್ಮ ಶಾಲೆ ಶುರುವಾದ ಎರಡು ವರ್ಷಕ್ಕೆ, 1977ರಲ್ಲಿ, ಅಮೆರಿಕದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ರೈಬೋಸೋಮಿನ ಆರ್.ಎನ್.ಎ. ಹೋಲಿಸಿ, ಬ್ಯಾಕ್ಟೀರಿಯಾ ಎಂದೇ ಎಣಿಸಿದ್ದ ಕೆಲವು ಜೀವಿಗಳು ಬೇರೆಯೇ ವಂಶ ಎಂದು ತೋರಿಸಿದರು. ಅವೇ ಆರ್ಕಿಯಾ. ಇವಕ್ಕೂ ಕೋಶಕೇಂದ್ರವಿಲ್ಲ, ಇವೂ ಒಂದು ಎರಡಾಗಿಯೇ ಹೆಚ್ಚುತ್ತವೆ. ಆದರೆ ಭಿತ್ತಿಯಲ್ಲಿ ಪೆಪ್ಟಿಡೋಗ್ಲೈಕಾನ್ ಇಲ್ಲ. ಪೊರೆಯ ಕೊಬ್ಬೂ ಬೇರೆ ಬಗೆಯದು. ನೋಡಲು ದೂರ ಹೋಗಬೇಕಿಲ್ಲ. ಗೋಬರ್ ಗ್ಯಾಸ್ ಗುಂಡಿಯಲ್ಲಿ ಬ್ಯಾಕ್ಟೀರಿಯಾ ಸಗಣಿಯನ್ನು ಕೊಳೆಸಿಕೊಟ್ಟ ಮೇಲೆ, ಒಲೆಯಲ್ಲಿ ಉರಿಯುವ ಮೀಥೇನ್ ಮಾಡುವವು ಈ ಆರ್ಕಿಯಾಗಳೇ.

ಮತ್ತೆ ಅವ್ವನ ಗೂಡಿಗೆ ಬರೋಣ. ಡಿ.ಎನ್.ಎ. ಪ್ರತಿಯಾಗುವಾಗ ಅಪರೂಪಕ್ಕೆ ತಪ್ಪಾಗುತ್ತದೆ. ಕೋಟಿಗಟ್ಟಲೆ ಕೋಶಗಳಲ್ಲಿ ಒಂದಕ್ಕೆ ಆ ತಪ್ಪಿನಿಂದಲೇ ಔಷಧಕ್ಕೆ ಬಗ್ಗದ ಗುಣ ಬಂದರೆ, ಉಳಿದವು ಸತ್ತ ಮೇಲೆ ಜಾಗವೆಲ್ಲ ಅದರ ಸಂತತಿಗೆ. ಸಾಲದ್ದಕ್ಕೆ, ಪ್ಲಾಸ್ಮಿಡ್ ಎಂಬ ಪುಟ್ಟ ಡಿ.ಎನ್.ಎ. ಬಳೆಯ ಮೂಲಕ ಇಂಥ ಗುಣವನ್ನು ನೆರೆಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲವು.

ಆದ್ದರಿಂದ ನನ್ನ ಊರಿನವರಲ್ಲಿ ಒಂದೇ ಬಿನ್ನಹ. ನೆಗಡಿ ಬಂತೆಂದು ಅಂಗಡಿಯಲ್ಲಿ ಆ್ಯಂಟಿಬಯಾಟಿಕ್ ಕೇಳಿ ತರಬೇಡಿ. ನೆಗಡಿ ವೈರಸ್‌ನಿಂದ ಬರುವಂಥದ್ದು, ಅದಕ್ಕೆ ಆ ಮಾತ್ರೆ ನಾಟದು. ಡಾಕ್ಟರು ಬರೆದುಕೊಟ್ಟರೆ, ಅವರು ಹೇಳಿದಷ್ಟು ದಿನ ತಪ್ಪದೆ ನುಂಗಿ. ಗೂಡಿನಲ್ಲಿ ಉಳಿಸಬೇಡಿ.

ಒಂದು ಪರೀಕ್ಷೆ ತಪ್ಪಿ ನಾನು ಕಲಿತ ಈ ಪಾಠ, ಯಾವ ಮಗುವೂ ಪರೀಕ್ಷೆ ತಪ್ಪದೆ ಕಲಿಯಲಿ.