ಯಾವುದರ ಶೇಕಡಾ?

(ಮುಂಡಗೋಡದಲ್ಲಿ ನೀಡಿದ ಜುಮಾ ಪ್ರವಚನದ ಬರಹ ರೂಪ)



ಇವತ್ತು ಮಿಂಬರಿನ ಹತ್ತಿರ ನಿಂತು ಲೆಕ್ಕದ ಮಾತಾಡಲಿದ್ದೇನೆ. ಕೆಲವರು ನಕ್ಕರೂ ನಗಬಹುದು. ಹೋದ ವಾರ ಅಸರ್ ನಮಾಝ್ ಆದ ಮೇಲೆ ಒಬ್ಬ ಸಹೋದರರು ಮಗನನ್ನು ಕರೆದುಕೊಂಡು ಬಂದರು. ಅವರು ಹಣ್ಣಿನ ಗಾಡಿ ಇಟ್ಟುಕೊಂಡವರು. ಹುಡುಗ ಐದನೆಯ ತರಗತಿ, ನವೋದಯ ಪರೀಕ್ಷೆಗೆ ತಯಾರಾಗುತ್ತಿದ್ದಾನೆ. ಕೈಯಲ್ಲೊಂದು ಹಾಳೆ. “ಹಜರತ್, ಇವನಿಗೆ ದುಆ ಮಾಡಿ, ಶೇಕಡಾ ಲೆಕ್ಕ ತಲೆಗೆ ಹೋಗುತ್ತಿಲ್ಲ” ಎಂದರು. ದುಆ ಮಾಡಿದೆ. ಆಮೇಲೆ ಹಾಳೆ ನೋಡಿದೆ. ವ್ಯಾಪಾರಿಯೊಬ್ಬ ಕಿಲೋಗೆ 40 ರೂಪಾಯಿಯಂತೆ 100 ಕಿಲೋ ಹಣ್ಣು ಕೊಂಡ, ಶೇಕಡಾ 10ರಷ್ಟು ಕೊಳೆತುಹೋಯಿತು, ಉಳಿದದ್ದನ್ನು ಕಿಲೋಗೆ 50ರಂತೆ ಮಾರಿದ, ಲಾಭ ಶೇಕಡಾ ಎಷ್ಟು? ಹುಡುಗ 25 ಎಂದು ಬರೆದಿದ್ದ. ನಾನು ಅದನ್ನೇ ತಂದೆಗೆ ಬಾಯಲ್ಲಿ ಕೇಳಿದೆ. ಅವರು ಆಕಾಶ ನೋಡಿ, “ನಾಲ್ಕು ಸಾವಿರ ಹಾಕಿದೆ, ತೊಂಬತ್ತು ಕಿಲೋಗೆ ನಾಲ್ಕೂವರೆ ಸಾವಿರ ಬಂತು, ಐನೂರು ಉಳಿಯಿತು. ನೂರಕ್ಕೆ ಹನ್ನೆರಡೂವರೆ ಬಿತ್ತು ನೋಡಿ” ಎಂದರು. ಪೆನ್ನು ಮುಟ್ಟಲಿಲ್ಲ. ಹುಡುಗ ಬಾಯಿ ತೆರೆದು ಅಪ್ಪನ ಮುಖ ನೋಡಿದ. ತನ್ನ ಅಬ್ಬಾಗೆ ಈ ಲೆಕ್ಕ ಬರುತ್ತದೆ ಎಂದು ಅವನಿಗೆ ಅಂದೇ ಗೊತ್ತಾದದ್ದು.

ಸಹೋದರರೇ, ನಮ್ಮ ಕಷ್ಟ ಇಲ್ಲಿದೆ. ಲೆಕ್ಕ ನಮ್ಮ ಮನೆಯಲ್ಲಿದೆ, ಮಗುವಿನ ಕಿವಿಗೆ ಬಿದ್ದಿಲ್ಲ. ಮನೆಯಲ್ಲಿ ನಾವು ಆಡುವುದು ಉರ್ದು; ಅಲ್ಲಿ ‘ಫೀಸದಿ’ ಅನ್ನುತ್ತೇವೆ. ಶಾಲೆಯ ಕನ್ನಡದಲ್ಲಿ ‘ಶೇಕಡಾ’. ಎರಡೂ ‘ನೂರಕ್ಕೆ ಇಷ್ಟು’ ಎಂಬ ಒಂದೇ ಮಾತು. ಕೊಂಡ ಬೆಲೆ, ಮಾರಿದ ಬೆಲೆ, ರಿಯಾಯಿತಿ, ಅನುಪಾತ ಎಂಬ ಮಾತುಗಳನ್ನು ಮಗು ಪುಸ್ತಕದಲ್ಲಿ ಮಾತ್ರ ನೋಡಿದ್ದರೆ ಪ್ರಶ್ನೆ ಓದುವಷ್ಟರಲ್ಲೇ ಸುಸ್ತಾಗುತ್ತದೆ. ಕೂಡಿಸಲು ಕಳೆಯಲು ಬಾರದೆ ಸೋಲುವ ಮಕ್ಕಳಿಗಿಂತ ವಾಕ್ಯ ಅರ್ಥವಾಗದೆ ಸೋಲುವವರೇ ಹೆಚ್ಚು, ನಾನು ಕಂಡ ಮಟ್ಟಿಗೆ.

ಉತ್ತರ ಕನ್ನಡ ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯ ಇರುವುದು ನಮ್ಮ ಮುಂಡಗೋಡದಲ್ಲೇ. ಕಾರವಾರ, ಭಟ್ಕಳ, ಜೋಯಿಡಾ, ದಾಂಡೇಲಿ, ಹಳಿಯಾಳದಿಂದ ಮಕ್ಕಳು ಪರೀಕ್ಷೆ ಬರೆದು ಇಲ್ಲಿಗೆ ಬರುತ್ತಾರೆ. ಪಕ್ಕದಲ್ಲೇ ಇರುವ ನಾವು ಕಾಂಪೌಂಡ್ ನೋಡಿಕೊಂಡು ಓಡಾಡುತ್ತೇವೆ. ಆರನೆಯ ತರಗತಿಗೆ 80 ಸೀಟುಗಳು. ಪರೀಕ್ಷೆಯಲ್ಲಿ 80 ಪ್ರಶ್ನೆ, 100 ಅಂಕ, ಎರಡು ಗಂಟೆ. ಅದರಲ್ಲಿ 20 ಪ್ರಶ್ನೆ ಅಂಕಗಣಿತದ್ದು, 25 ಅಂಕ. ಒಂದು ಪ್ರಶ್ನೆಗೆ ಒಂದೂವರೆ ನಿಮಿಷ. ಕನ್ನಡದಲ್ಲೇ ಬರೆಯಬಹುದು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಒಂದು ಸೀಟಿಗೆ ಎಷ್ಟೋ ಮಕ್ಕಳು ಪೈಪೋಟಿ ಮಾಡುವಲ್ಲಿ, ಎರಡು ಶೇಕಡಾ ಲೆಕ್ಕ ಒಂದು ಮಗುವನ್ನು ಒಳಗೋ ಹೊರಗೋ ನಿಲ್ಲಿಸಬಲ್ಲವು.

ಈ ಲೆಕ್ಕಕ್ಕೂ ದೀನಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಝಕಾತ್ ಏನು? ನಿಸಾಬ್ ತಲುಪಿ ವರ್ಷ ತುಂಬಿದ ಸಂಪತ್ತಿನ ನಲವತ್ತನೆಯ ಒಂದು ಭಾಗ, ಅಂದರೆ ಶೇಕಡಾ ಎರಡೂವರೆ. ಫಸಲಿನ ಉಶ್ರ್ ನೋಡಿ. ಮಳೆ ನೀರಲ್ಲಿ ಬೆಳೆದದ್ದಕ್ಕೆ ಹತ್ತರಲ್ಲೊಂದು, ದುಡಿದು ನೀರೆತ್ತಿ ಬೆಳೆದದ್ದಕ್ಕೆ ಇಪ್ಪತ್ತರಲ್ಲೊಂದು ಎಂದು ಪ್ರವಾದಿ(ಸ) ಕಲಿಸಿದರು. ಮಳೆಯನ್ನೇ ನಂಬಿದ ಗದ್ದೆಯಲ್ಲಿ 40 ಕ್ವಿಂಟಲ್ ಭತ್ತ ಬಂದರೆ 4 ಕ್ವಿಂಟಲ್, ಪಂಪ್ ಹಚ್ಚಿ ಬೆಳೆದವರಿಗೆ 2. ರೈತನ ಖರ್ಚು ನೋಡಿ ದರ ಅರ್ಧವಾಗಿದೆ. ಅನುಪಾತ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಬಗ್ದಾದಿನಲ್ಲಿ ಅಲ್ ಖ್ವಾರಿಝ್ಮಿಯವರು ಸುಮಾರು 820ರಲ್ಲಿ ಬೀಜಗಣಿತದ ಪುಸ್ತಕ ಬರೆದಾಗ, ಅದರ ದೊಡ್ಡ ಭಾಗವನ್ನು ಆಸ್ತಿ ಪಾಲಿನ ಲೆಕ್ಕಗಳಿಗೇ ಇಟ್ಟರು.

ಈ ರಮಝಾನಿನಲ್ಲಿ ಹೀಗೆ ಮಾಡಿ. ಝಕಾತ್ ಲೆಕ್ಕಕ್ಕೆ ಮೊಬೈಲ್ ತೆಗೆಯಬೇಡಿ, ಮಗುವನ್ನು ಕರೆಯಿರಿ. 1,20,000 ಇದೆ ಎನ್ನಿ. ಒಂದು ಸೊನ್ನೆ ತೆಗೆದರೆ ಶೇಕಡಾ ಹತ್ತು, 12,000. ಅದರ ಅರ್ಧ ಶೇಕಡಾ ಐದು, 6,000. ಅದರ ಅರ್ಧ ಶೇಕಡಾ ಎರಡೂವರೆ, 3,000. ಅಷ್ಟೇ. ಪರೀಕ್ಷೆಯಲ್ಲಿ ಶೇಕಡಾ 15 ಕೇಳಿದರೆ ಹತ್ತನ್ನೂ ಐದನ್ನೂ ಕೂಡಿಸಿದರಾಯಿತು. ಸೂತ್ರ ಬಾಯಿಪಾಠ ಮಾಡಿದ ಮಗು ಮರೆಯಬಹುದು, ಮನೆಯ ಝಕಾತ್ ತಾನೇ ಎಣಿಸಿದ ಮಗು ಮರೆಯುವುದಿಲ್ಲ.

ಹೆಚ್ಚಿನ ತಪ್ಪುಗಳು ಒಂದೇ ಜಾಗದಲ್ಲಿ ಆಗುತ್ತವೆ. ‘ಯಾವುದರ ಶೇಕಡಾ?’ ಎಂದು ಮಗು ಕೇಳಿಕೊಳ್ಳುವುದಿಲ್ಲ. ಆ ಹುಡುಗ 25 ಬರೆದದ್ದೂ ಹಾಗೇ. 40 ಕೊಟ್ಟು 50ಕ್ಕೆ ಮಾರಿದ್ದನ್ನು ನೋಡಿದ, ಕೊಳೆತ ಹತ್ತು ಕಿಲೋಗೂ ದುಡ್ಡು ಕೊಟ್ಟಿದ್ದನ್ನು ಮರೆತ. ಈದ್‌ಗೆ ಬಟ್ಟೆ ತರಲು ಹುಬ್ಬಳ್ಳಿಗೆ ಹೋದಾಗಲೂ ಇದನ್ನು ಕಾಣುತ್ತೀರಿ. 500ರ ಅಂಗಿಗೆ ಶೇಕಡಾ 20 ಏರಿಸಿ, ಆಮೇಲೆ ಶೇಕಡಾ 20 ಇಳಿಸಿದರೆ ಮತ್ತೆ 500 ಆಗುತ್ತದೆಯೇ? ಏರಿದ್ದು 500ರ ಮೇಲೆ, 600 ಆಯಿತು. ಇಳಿದದ್ದು 600ರ ಮೇಲೆ, 120 ಹೋಗಿ 480 ಉಳಿಯಿತು. ಇನ್ನೊಂದು, ತರಗತಿಯಲ್ಲಿ ಶೇಕಡಾ 60 ಹುಡುಗಿಯರು, ಅವರ ಸಂಖ್ಯೆ 24, ಒಟ್ಟು ಮಕ್ಕಳೆಷ್ಟು? ಅವಸರದ ಮಗು 24ರ ಶೇಕಡಾ 60 ಮಾಡಿ 14.4 ಎನ್ನುತ್ತದೆ. ಬೈಯಬೇಡಿ. “ಹದಿನಾಲ್ಕು ಪಾಯಿಂಟ್ ನಾಲ್ಕು ಮಕ್ಕಳು ಎಲ್ಲಿ ಕುಳಿತಿದ್ದಾರೆ ಬೇಟಾ?” ಎಂದು ಕೇಳಿ. ಅದೇ ನಗುತ್ತದೆ, ಅದೇ ತಿದ್ದಿಕೊಳ್ಳುತ್ತದೆ. 60 ಪಾಲು 24 ಆದರೆ 10 ಪಾಲು 4, ನೂರು ಪಾಲು 40.

ಅನುಪಾತದಲ್ಲಿ ಮಕ್ಕಳು ಮೊದಲು ಪಾಲುಗಳನ್ನು ಕೂಡಿಸಲು ಮರೆಯುತ್ತಾರೆ. 500 ರೂಪಾಯಿಯನ್ನು 3:2ರಲ್ಲಿ ಹಂಚು ಎಂದರೆ 500ನ್ನು ಮೂರರಿಂದ ಒಮ್ಮೆ, ಎರಡರಿಂದ ಒಮ್ಮೆ ಭಾಗಿಸುತ್ತಾರೆ. ಐದು ಪಾಲು ಮಾಡಬೇಕು. ಒಂದು ಪಾಲು 100. ಕುರ್‌ಆನಿನ ನಿಸಾ ಅಧ್ಯಾಯದ ಪಾಲುಗಳಿಂದಲೇ ಕಲಿಸಿ. ಒಬ್ಬರು ತೀರಿಕೊಂಡರು, ಅವರ ತಂದೆತಾಯಿ ಮೊದಲೇ ಇಲ್ಲ. ಸಾಲ, ವಸಿಯ್ಯತ್ ತೀರಿಸಿ 2,40,000 ಉಳಿದಿದೆ. ಹೆಂಡತಿ, ಒಬ್ಬ ಮಗ, ಒಬ್ಬಳು ಮಗಳು. ಹೆಂಡತಿಗೆ ಎಂಟನೆಯ ಒಂದು, 30,000. ಉಳಿದ 2,10,000ರಲ್ಲಿ ಮಗನಿಗೆ ಎರಡು, ಮಗಳಿಗೆ ಒಂದು, ಒಟ್ಟು ಮೂರು ಪಾಲು. ಮಗಳಿಗೆ 70,000, ಮಗನಿಗೆ 1,40,000. ಈ ಲೆಕ್ಕ ಮಾಡಿಸುವಾಗ ಹುಷಾರು. ಹತ್ತು ವರ್ಷದ ಹುಡುಗಿ “ಅಬ್ಬಾ, ಫುಪ್ಪುವಿಗೆ ಅವರ 70,000 ಕೊಟ್ಟಿದ್ದೀರಾ?” ಎಂದು ಕೇಳಿಬಿಟ್ಟಾಳು. ಕೇಳಲಿ. ಹಲವರ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಬಾಕಿ ಇದೆ.

ಬಡ್ಡಿಯ ಲೆಕ್ಕ ಕಲಿಸಬಹುದೇ ಎಂದು ಒಬ್ಬ ತಾಯಿ ಹೇಳಿಕಳಿಸಿದ್ದರು. ಬಡ್ಡಿ ತಿನ್ನುವುದು ಹರಾಮ್, ಅದರ ಲೆಕ್ಕ ತಿಳಿಯುವುದು ಹರಾಮ್ ಅಲ್ಲ. “ನೂರಕ್ಕೆ ಬರೀ ಎರಡು ರೂಪಾಯಿ” ಎಂದು ಸಾಲ ಕೊಡುವವರು ತಿಂಗಳ ಮಾತು ಹೇಳುತ್ತಾರೆ. 10,000ಕ್ಕೆ ತಿಂಗಳಿಗೆ 200, ವರ್ಷಕ್ಕೆ 2,400, ಅಂದರೆ ಶೇಕಡಾ 24. ಇದನ್ನು ಎಣಿಸಲು ಬಂದಿದ್ದರೆ ಎಷ್ಟು ಹೆಣ್ಣುಮಕ್ಕಳು ಆ ಸಹಿ ಹಾಕುತ್ತಿರಲಿಲ್ಲವೋ.

ಈಗ ಬೇಸರದ ಒಂದು ಮಾತು. ನವೋದಯದ ಸೀಟುಗಳಲ್ಲಿ ಕನಿಷ್ಠ ಶೇಕಡಾ 75 ಗ್ರಾಮೀಣ ಮಕ್ಕಳಿಗೆ. 80ರಲ್ಲಿ 60. ಮೂರು, ನಾಲ್ಕು, ಐದನೆಯ ತರಗತಿ ಪೂರ್ತಿ ಹಳ್ಳಿಯ ಶಾಲೆಯಲ್ಲಿ ಓದಿದ ಮಗು ಮಾತ್ರ ಆ ಲೆಕ್ಕಕ್ಕೆ ಬರುತ್ತದೆ. ಪಟ್ಟಣದ ಶಾಲೆಯಲ್ಲಿ ಓದಿದ ಮಗುವಿಗೆ ಹಳ್ಳಿಯ ದಾಖಲೆ ಮಾಡಿಸಿಕೊಡಿ, ಹುಟ್ಟಿದ ತಾರೀಖು ಸ್ವಲ್ಪ ಸರಿಸಿಕೊಡಿ ಎಂದು ಕೇಳಿಕೊಂಡು ನನ್ನ ಹತ್ತಿರವೇ ಬಂದವರಿದ್ದಾರೆ, ಯಾರಿಗಾದರೂ ಶಿಫಾರಸು ಹೇಳಿ ಎಂದು. ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಗೆ ಪ್ರವಾದಿ(ಸ) ಕೈ ಹಾಕಿ, ಒಳಗಿನ ಒದ್ದೆಯನ್ನು ಬೆರಳಿಗೆ ಹತ್ತಿಸಿಕೊಂಡು ಹೊರತೆಗೆದ ಘಟನೆ ನಿಮಗೆಲ್ಲ ಗೊತ್ತು. ಮೇಲೆ ಒಣಗಿದ ಕಾಳು, ಒಳಗೆ ಒದ್ದೆ. ಸುಳ್ಳು ದಾಖಲೆಯೂ ಅಂಥದ್ದೇ ರಾಶಿ. ಆ ಸೀಟು ಕಾಡಂಚಿನ ಯಾವುದೋ ಊರಿನ ಮಗುವಿನದು, ಬಹುಶಃ ನಮಗಿಂತ ಬಡ ಮಗುವಿನದು. ತೂಕದಲ್ಲಿ ಕದಿಯುವವರನ್ನು ಮುತಫ್ಫಿಫೀನ್ ಅಧ್ಯಾಯದ ಮೊದಲಲ್ಲೇ ಎಚ್ಚರಿಸಲಾಗಿದೆ. ಸೀಟಿಗೂ ತೂಕವಿದೆ. ಪಟ್ಟಣದ ಮಗು ಪಟ್ಟಣದ ಮಗುವಾಗಿಯೇ ಬರೆಯಲಿ. ಸೀಟು ಸಿಗದಿದ್ದರೆ ಕಲಿತ ಲೆಕ್ಕ ಎಲ್ಲಿಗೂ ಹೋಗುವುದಿಲ್ಲ, ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಪರೀಕ್ಷೆ ಇದೆ, ಎಂಟನೆಯ ತರಗತಿಯಲ್ಲಿ ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಪರೀಕ್ಷೆ ಇದೆ.

ಹಕ್ಕಿನಿಂದ ಸಿಗುವುದನ್ನು ಮಾತ್ರ ಬಿಡಬೇಡಿ. ಸೀಟುಗಳಲ್ಲಿ ಕನಿಷ್ಠ ಮೂರನೆಯ ಒಂದು ಭಾಗ ಹುಡುಗಿಯರಿಗೆ. ಹಾಸ್ಟೆಲಿಗೆ ಹೇಗೆ ಕಳಿಸುವುದು ಎನ್ನುವ ತಂದೆಯರು ಒಮ್ಮೆ ಹೋಗಿ ನೋಡಿ ಬನ್ನಿ, ನಡೆದುಹೋಗುವಷ್ಟು ದೂರದಲ್ಲಿದ್ದರೂ ಎಷ್ಟೋ ಜನ ನೋಡಿಯೇ ಇಲ್ಲ. ನಮ್ಮ ಸಿದ್ದಿ ಸಹೋದರರು 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದ್ದಾರೆ, ಅವರ ಮಕ್ಕಳಿಗೆ ಮೀಸಲಾತಿ ಇದೆ. ಜಾತಿ ಪ್ರಮಾಣಪತ್ರವನ್ನು ಕೊನೆಯ ದಿನದವರೆಗೆ ಕಾಯದೆ ಈಗಲೇ ಮಾಡಿಸಿಡಿ.

ಭಾನುವಾರ ಫಜರ್ ಆದ ಮೇಲೆ ಮದ್ರಸಾದ ಕೋಣೆಯಲ್ಲಿ ಐದನೆಯ ತರಗತಿಯ ಮಕ್ಕಳನ್ನು ಕೂರಿಸಿಕೊಳ್ಳುತ್ತೇವೆ, ಹುಡುಗ ಹುಡುಗಿ ಇಬ್ಬರನ್ನೂ. ನೆರೆಮನೆಯ ಮಕ್ಕಳು ಯಾವ ಧರ್ಮದವರಾದರೂ ಬರಲಿ. ಹಣ್ಣಿನ ಗಾಡಿಯ ಸಹೋದರರು ಮೊದಲ ಪಾಠ ಮಾಡಲು ಒಪ್ಪಿದ್ದಾರೆ, ತಕ್ಕಡಿ ತರುತ್ತಾರಂತೆ. ಅಷ್ಟರೊಳಗೆ ಮನೆಯಲ್ಲಿ ಒಂದು ಲೆಕ್ಕ ಮಾಡಿ, ತಂದೆಯರು ಬೇರೆ, ಮಕ್ಕಳು ಬೇರೆ. ಒಬ್ಬರು ತಮ್ಮ ಹಣಕ್ಕೆ ಶೇಕಡಾ ಎರಡೂವರೆ ಝಕಾತ್ ಕೊಟ್ಟ ಮೇಲೆ 78,000 ಉಳಿಯಿತು. ಮೊದಲು ಎಷ್ಟಿತ್ತು? ನಿಮ್ಮ ಉತ್ತರ 79,950 ಎಂದು ಬಂದರೆ, ಯಾವುದರ ಶೇಕಡಾ ಎಂದು ಮಗುವನ್ನೇ ಕೇಳಿ.